ಹಲಗೆ ಕೇಳಿದ ಹೆಸರು

ಥೆಕ್ಲಾ ವೆಸ್ಸೆಲಿಂಗ್ ಜೀವಮಾನವಿಡೀ ಜಗಳವಾಡಿದ್ದು ‘ಯಾರೋ’ ಎಂಬ ಒಂದೇ ಮಾತಿನ ಜೊತೆ. ಗಂಡನಿದ್ದಿದ್ದರೆ ಜಗಳಕ್ಕೆ ಬೇರೆ ವಿಷಯಗಳೂ ಸಿಗುತ್ತಿದ್ದವೇನೋ, ಆದರೆ ಅವಳು ಮದುವೆಯಾಗಲಿಲ್ಲ. ಬಾಗಿಲಲ್ಲಿ ಯಾರೋ ಬಂದಿದ್ದಾರೆ ಎಂದು ಹೇಳಿದರೆ ಅವಳಿಗೆ ರೇಗುತ್ತಿತ್ತು. ಯಾರೆಂದು ನೋಡಿ ಬಂದು ಹೇಳಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕು. ವೆರ್ನ್‌ಬುರ್ಗ್ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ನಗೆಪಾಟಲಿನ ವಸ್ತುವೂ ಆಗಿತ್ತು. ಆ ಸಿಟ್ಟು ಒಬ್ಬ ಬಡಗಿಯ ಕೆಲಸದ ಕೊಟ್ಟಿಗೆಯಲ್ಲಿ ಹುಟ್ಟಿದ್ದು ಎಂದು ಮಾತ್ರ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಬಡಗಿ ಎಂದರೆ ಅವಳಪ್ಪ ಲಾಂಬರ್ಟ್. ಮ್ಯೂನ್‌ಸ್ಟರ್‌ಲಾಂಡಿನ ಚಪ್ಪಟೆ ಬಯಲಿನಲ್ಲಿ, ಒಂದು ಚರ್ಚು, ಒಂದು ಗಾಳಿಗಿರಣಿ, ಎರಡು ಹೆಂಡದಂಗಡಿ ಇದ್ದ ಹಳ್ಳಿ. ತೊಟ್ಟಿಲು, ಬೀರು, ಶವಪೆಟ್ಟಿಗೆ ಎಲ್ಲವೂ ಅವನ ಕೈಯದೇ. ಊರಿನವರು ಅವನು ಮಾಡಿದ್ದರಲ್ಲೇ ಬಂದು ಮಲಗಿ, ಅವನು ಮಾಡಿದ್ದರಲ್ಲೇ ಮಲಗಿ ಹೋಗುತ್ತಿದ್ದರು. ಕೊಟ್ಟಿಗೆಯ ಅಟ್ಟದ ಮೇಲೆ ಓಕ್ ಹಲಗೆಗಳು ಒಣಗುತ್ತಿದ್ದವು. ಊರಲ್ಲಿ ಸಾವು ಬರುವ ಮುಂಚೆ ಆ ಹಲಗೆಗಳು ಬಡಿಯುತ್ತಿದ್ದವು. ಇಲಿಯಲ್ಲ, ಗಾಳಿಯಲ್ಲ. ಹಾಡಹಗಲಲ್ಲೇ, ಬೆರಳಿನ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ, ಒಂದೊಂದಾಗಿ. ಆ ನಾಡಿನ ಯಾವ ಬಡಗಿಯ ಮನೆಗೂ ಇದು ಹೊಸ ಸುದ್ದಿಯಲ್ಲ. ಲಾಂಬರ್ಟ್ ಒಮ್ಮೆ ತಲೆಯೆತ್ತಿ ನೋಡಿ, ಎದೆಯ ಮೇಲೆ ಶಿಲುಬೆ ಹಾಕಿಕೊಂಡು, ಹಲಗೆ ನುಣುಪು ಮಾಡುವ ಉಜ್ಜುಗೊರಡಿನ ಅಲಗು ಮಸೆಯಲು ಕೂರುತ್ತಿದ್ದ.

ಥೆಕ್ಲಾ ಇನ್ನೂ ಲಂಗ ಮೊಣಕಾಲಿಗೆ ಬರುವಷ್ಟು ಚಿಕ್ಕವಳಿದ್ದಾಗ, ಒಂದು ನವೆಂಬರಿನಲ್ಲಿ ಹಲಗೆಗಳು ಬಡಿದವು. ಅವಳು ಕೆಳಗೆ ಮರದ ಸಿಪ್ಪೆಗಳ ಸುರುಳಿ ಆರಿಸುತ್ತಿದ್ದಳು.

“ಅಪ್ಪಾ, ಯಾರು ಸಾಯ್ತಾರೆ?”

“ಯಾರೋ ಒಬ್ರು.”

“ಯಾರೋ ಅಂದ್ರೆ ಯಾರು?”

“ಯಾರೋ ಅಂದ್ರೆ ಯಾರೋ. ತಲೆ ತಿನ್ಬೇಡ. ಹೋಗು, ನಿಮ್ಮಮ್ಮ ಹಿಟ್ಟು ನಾದ್ತಿದಾಳೆ, ಕೈ ಜೋಡಿಸು.”

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ಈ ಉತ್ತರ ಅವಳಿಗೆ ಸಾಲಲಿಲ್ಲ. ಹಾಲಿನ ಕ್ಯಾನು ಹಿಡಿದು ಹೊರಟಳು. ಮನೆಮನೆಯ ಕಿಟಕಿಗೂ ಇಣುಕಿದಳು. ಚರ್ಚಿನ ಗಂಟೆ ಬಾರಿಸುವವನ ತಾಯಿ ಎರಡು ಚಳಿಗಾಲದಿಂದ ಇವತ್ತೋ ನಾಳೆಯೋ ಎನ್ನುವಂತಿದ್ದಳು. ಅವಳು ಕೂಡ ಎದ್ದು ಕೂತು, ಬಟಾಣಿ ಸೂಪಿನಲ್ಲಿ ಸಾಸೇಜ್ ಅದ್ದಿಕೊಂಡು ತಿನ್ನುತ್ತಾ ಸೊಸೆಯನ್ನು ಬೈಯುತ್ತಿದ್ದಳು. ಗಿರಣಿಯವನು ಗಟ್ಟಿ, ಪಾದ್ರಿಗಳು ಗಟ್ಟಿ, ಬಾಣಂತಿಯರೂ ಗಟ್ಟಿ. ಹುಡುಗಿ ಗೆದ್ದವಳ ಹಾಗೆ ಮನೆಗೆ ಓಡಿ ಬಂದಳು.

“ಅಪ್ಪಾ, ಯಾರೂ ಇಲ್ಲ! ಎಲ್ಲರ ಮನೇನೂ ನೋಡ್ಬಂದೆ.”

ಉಜ್ಜುಗೊರಡು ನಿಂತಿತು. “ಎಲ್ಲರ ಮನೇನೂ?” ಎಂದು ಕೇಳಿದ ಲಾಂಬರ್ಟ್. ಮಗಳ ಮುಖ ನೋಡಲಿಲ್ಲ. ಮತ್ತೆ ಉಜ್ಜತೊಡಗಿದ.

ಅವಳು ನೋಡದೆ ಬಿಟ್ಟಿದ್ದು ತಮ್ಮದೇ ಅಡುಗೆಮನೆಯನ್ನು. ಆ ವಾರ ಕಳೆಯುವ ಮೊದಲು ಅವಳಮ್ಮ ರೊಟ್ಟಿಯ ಒಲೆಯ ಮುಂದೆ ಕುಸಿದಳು, ಮತ್ತೆ ಏಳಲಿಲ್ಲ. ಪೆಟ್ಟಿಗೆಗೆ ಹಲಗೆ ಆಗಲೇ ಉಜ್ಜಿ ಸಿದ್ಧವಾಗಿತ್ತು. ಮಣ್ಣು ಮಾಡಿ ಬಂದ ಮೇಲೆ ಥೆಕ್ಲಾ ಅಪ್ಪನ ಎದುರು ನಿಂತು, “ಯಾರು ಅಂತ ಹೇಳ್ಬೇಕಿತ್ತು ನೀನು” ಎಂದಳು. ಅಳಲಿಲ್ಲ. ಅವನ ಮೇಲೆ ಅವಳಿಗೆ ಹುಟ್ಟಿದ ಕೋಪ ಅಳುವಿಗಿಂತ ದೊಡ್ಡದಾಗಿತ್ತು.

ಆ ಕೋಪವನ್ನೇ ಅವಳು ವಿದ್ಯೆ ಮಾಡಿಕೊಂಡಳು. ಯುದ್ಧ ಮುಗಿದು, ಒಡೆದ ಕಿಟಕಿಗಳಿಗೆ ರಟ್ಟು ಬಡಿದಿದ್ದ ಕೋಣೆಗಳಲ್ಲಿ ಪಾಠ ಶುರುವಾದಾಗ ಗಣಿತ ಓದಲು ಹೋದಳು. ಅಲ್ಲಿಂದ ತರ್ಕಶಾಸ್ತ್ರಕ್ಕೆ ಬಂದಳು. ಗಣಿತದವರಿಗೆ ಒಂದು ಹಳೇ ಅಭ್ಯಾಸವಿದೆ: ಒಂದು ವಸ್ತು ಇಲ್ಲ ಎನ್ನುವುದು ಅಸಾಧ್ಯ ಎಂದು ತೋರಿಸಿಬಿಟ್ಟರೆ, ಅದು ಇದೆ ಎಂದು ಕೈ ತೊಳೆದುಕೊಳ್ಳುತ್ತಾರೆ. ಎಲ್ಲಿದೆ, ಯಾವುದು ಎಂದು ಕೇಳಬಾರದು. ಥೆಕ್ಲಾ ಕೇಳುವ ಗುಂಪಿಗೆ ಸೇರಿದಳು. ಮುಂದೆ ತಾನೇ ಪಾಠ ಹೇಳುವಾಗ ಮೇಜಿಗೆ ಅಂಗಿ ಗುಂಡಿಗಳ ಒಂದು ಡಬ್ಬಿ ತರುತ್ತಿದ್ದಳು. “ಇದರೊಳಗೆ ಕೆಂಪು ಗುಂಡಿ ಇದೆ ಅನ್ನೋರು ಕೈ ಹಾಕಿ ತೆಗೀರಿ. ತೆಗೆಯೋಕಾಗ್ದಿದ್ರೆ ಇದೆ ಅನ್ಬೇಡಿ. ಇಲ್ಲ ಅಂತಲೂ ಅನ್ಬೇಡಿ. ಸುಮ್ನಿರಿ. ಸುಮ್ನಿರೋದು ಅವಮಾನ ಅಲ್ಲ.” ಒಂದೋ ಇದು, ಇಲ್ಲವೇ ಅದು ಎನ್ನುವುದಕ್ಕೂ ಅವಳದು ಅದೇ ಕಟ್ಟುನಿಟ್ಟು. ಯಾವುದು ಎಂದು ತೋರಿಸಲಾಗದವನಿಗೆ ಹಾಗೆನ್ನುವ ಹಕ್ಕೂ ಇಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ಎಂದು ಹಿರಿಯರು ಮೂಗು ಮುರಿದರು. ನನ್ನನ್ನು ಕೇಳಿದರೆ ಮೊಲದ ಕಾಲುಗಳನ್ನು ಮುಟ್ಟಿ ಎಣಿಸಿದವಳು ಅವಳೊಬ್ಬಳೇ.

ಡಾಕ್ಟರ್ ಪದವಿ ಬಂದ ದಿನ ಗೆಳೆಯರು ಪದ್ಧತಿಯಂತೆ ರಟ್ಟಿನ ಟೋಪಿ ಮಾಡಿ ತಲೆಗೆ ಹಾಕಿದರು. ಟೋಪಿಯ ತುದಿಯಲ್ಲಿ ಪುಟ್ಟ ಬಾಗಿಲಿನ ಪೆಟ್ಟಿಗೆ. ಬಾಗಿಲ ಮೇಲೆ ‘ಒಳಗೆ ಯಾರೋ ಇದ್ದಾರೆ’ ಎಂದು ಬರೆದಿತ್ತು. ತೆರೆದರೆ ಖಾಲಿ. ಬೀದಿಯ ತುಂಬ ನಗು. ಥೆಕ್ಲಾ ಕೂಡ ನಕ್ಕಳು. ಆದರೆ ಆ ಪೆಟ್ಟಿಗೆಯ ಆಕಾರ ಅವಳಿಗೆ ಪರಿಚಯದ್ದಾಗಿತ್ತು. ಮನೆಗೆ ಬಂದವಳೇ ಟೋಪಿಯನ್ನು ಒಲೆಗೆ ಹಾಕಿದಳು.

ಪ್ರೊಫೆಸರ್ ಪೀಠ ಅವಳಿಗೆ ಸಿಗಲಿಲ್ಲ. ಎಲ್ಲಿ ಅರ್ಜಿ ಹಾಕಿದರೂ ಎರಡನೆಯ ಸ್ಥಾನ. ಮೊದಲನೆಯವನು ಬರುವುದಿಲ್ಲ ಎಂದರೆ ಇವಳಿಗೆ, ಆದರೆ ಮೊದಲನೆಯವನು ಬಂದೇ ಬರುತ್ತಿದ್ದ. ಕೊನೆಗೆ ವೆರ್ನ್‌ಬುರ್ಗ್‌ನಲ್ಲಿ ಪಾಠ ಹೇಳುವ ಹಕ್ಕು ಮಾತ್ರ ದಕ್ಕಿತು. ಸಂಬಳವಿಲ್ಲದ ಹಕ್ಕು. ಹೊಟ್ಟೆಪಾಡಿಗೆ ಬೆಳಿಗ್ಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುವುದು, ಶುಕ್ರವಾರ ಮಧ್ಯಾಹ್ನ ವಿಶ್ವವಿದ್ಯಾಲಯದ, ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳಿದ್ದ ಹಳೇ ಉಪನ್ಯಾಸದ ಹಾಲ್‌ನಲ್ಲಿ ತರ್ಕ. ಆ ಊರಿನಲ್ಲಿ ಚಪ್ಪಾಳೆ ನಾಟಕದವರಿಗೆ. ಪಾಠ ಹೇಳಿದವರಿಗೆ ಬೆಂಚಿನ ಮೇಲೆ ಬೆರಳ ಗೆಣ್ಣಿನ ಬಡಿತ. ಅವಳ ಮೊದಲ ಸಾರ್ವಜನಿಕ ಉಪನ್ಯಾಸ ಮುಗಿದಾಗ ಪ್ರೊಫೆಸರುಗಳು ಅರ್ಧಕ್ಕರ್ಧ ಎದ್ದು ಹೋಗಿದ್ದರು, ಉಳಿದವರು ಮಳೆ ಹನಿ ಬಿದ್ದಷ್ಟು ಬಡಿದರು. ಅವಳು ಅದನ್ನು ಮರೆಯಲಿಲ್ಲ. ಹಾಲ್ ಗುಡುಗುವಂತೆ ಒಮ್ಮೆಯಾದರೂ ಆ ಬಡಿತ ಕೇಳಬೇಕು ಎಂಬ ಆಸೆ ಒಳಗೊಳಗೇ ಉಳಿಯಿತು. ತರ್ಕದವಳಿಗೂ ಆಸೆಯಿರುತ್ತದೆ.

ಅಪ್ಪ ಸಾಯುವ ವರ್ಷ ಅವಳು ಊರಿಗೆ ಹೋಗಿದ್ದಳು. ಲಾಂಬರ್ಟ್ ಕಿಟಕಿಯ ಪಕ್ಕ ಮಲಗಿದ್ದ. ಕೊಟ್ಟಿಗೆಯ ಕಡೆ ಕೈ ತೋರಿಸಿದ.

“ಬಡೀತು. ಈ ಸಲ ಹೆಸರು ಹೇಳ್ದೆ.”

“ಯಾರ್ದು?”

“ನಂದೇ.” ಅವನು ಮಗಳ ಕಡೆ ತಿರುಗಿದ. “ಹಲಗೆ ಹೇಳಲ್ಲ ಮಗಳೇ. ಹಲಗೆ ಯಾರು ಅಂತ ಕೇಳತ್ತೆ. ನಮ್ಮಪ್ಪ ಹೇಳಿಕೊಟ್ಟಿದ್ರು. ಕೇಳಿಸ್ಕೊಂಡೋನು ತನ್ನ ಹೆಸರು ಹೇಳಿದ್ರೆ, ಅದು ಅವನನ್ನ ಕರ್ಕೊಂಡು ಹೋಗತ್ತೆ. ಹೇಳ್ದೆ ಸುಮ್ನಿದ್ರೆ ಹತ್ರ ಇರೋರಲ್ಲಿ ಯಾರನ್ನಾದ್ರೂ. ಆವತ್ತು ನಂಗೆ ಭಯ ಆಯ್ತು. ಯಾರೋ ಅಂದ್ಬಿಟ್ಟೆ.”

ಅಪ್ಪನಿಗೆ ಅರಳುಮರಳು ಎಂದುಕೊಂಡಳು ಥೆಕ್ಲಾ. ಆದರೂ ಅವನ ಕೈ ಹಿಡಿದುಕೊಂಡು ಕೂತಳು. ಅಮ್ಮ ಹೋದ ಮೇಲೆ ಆ ಕೈ ಮುಟ್ಟಿದ್ದು ಅದೇ ಮೊದಲು.

ಆಮೇಲೆ ಎಷ್ಟೋ ವರ್ಷ ಉರುಳಿದವು. ಅವಳ ಕೂದಲು ಬೆಳ್ಳಗಾಯಿತು, ಶುಕ್ರವಾರದ ಕೇಳುಗರು ಕರಗಿದರು. ಪಾಠಕ್ಕೆ ಒಂದು ಹಳೇ ಕಟ್ಟಳೆಯಿತ್ತು: ಹೇಳುವವರು ಒಬ್ಬರು, ಕೇಳುವವರು ಕನಿಷ್ಠ ಇಬ್ಬರು, ಮೂವರಿದ್ದರೆ ಪಾಠ, ಇಲ್ಲದಿದ್ದರೆ ಹರಟೆ. ಪಾಠ ನಿಂತರೆ ಹಕ್ಕೂ ಹೋಗುತ್ತದೆ, ಹೆಸರಿನ ಜೊತೆಗಿನ ಉಪನ್ಯಾಸಕಿ ಎಂಬ ಪದವಿಯೂ ಹೋಗುತ್ತದೆ. ಶಾಲೆಯಿಂದ ಆಗಲೇ ನಿವೃತ್ತಳಾಗಿದ್ದವಳಿಗೆ ವಾರದಲ್ಲಿ ಉಳಿದಿದ್ದ ದಿನವೆಂದರೆ ಶುಕ್ರವಾರ ಒಂದೇ. ಅದೂ ಹೋದರೆ ತಾನೇನು ಎಂದು ಅವಳು ಯೋಚಿಸುತ್ತಿದ್ದಳು.

ಆ ಚಳಿಗಾಲದಲ್ಲಿ ಕೇಳುಗರು ಸರಿಯಾಗಿ ಇಬ್ಬರು. ಒಬ್ಬರು ಕ್ನೀಪ್‌ಕಾಂಪ್, ನಿವೃತ್ತ ಔಷಧಿ ವ್ಯಾಪಾರಿ. ಹಾಲ್‌ನ ಹೀಟರ್ ಮನೆಯದಕ್ಕಿಂತ ಚೆನ್ನಾಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ, ಮೊದಲ ಸಾಲಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದರು. ಇನ್ನೊಬ್ಬಳು ಇಮ್ಕೆ ಫೋಲ್ಕರ್ಟ್ಸ್, ಉತ್ತರದ ಕಡಲ ತೀರದಿಂದ ತತ್ವಶಾಸ್ತ್ರ ಓದಲು ಬಂದ ಹುಡುಗಿ. ಫ್ಲಾಸ್ಕಿನಲ್ಲಿ ಕಪ್ಪು ಚಹಾ ತಂದು, ಕಲ್ಲುಸಕ್ಕರೆ ಕಟಕಟ ಕಡಿಯುತ್ತಾ, ಒಂದು ಮಾತೂ ಬಿಡದೆ ಕೇಳುತ್ತಿದ್ದಳು. ಇಷ್ಟು ಕಾಲದ ಮೇಲೆ ತನ್ನ ಮಾತು ಒಂದು ತಲೆಯೊಳಗೆ ಬೇರು ಬಿಡುತ್ತಿರುವುದನ್ನು ಕಂಡು ಥೆಕ್ಲಾಗೆ ಸಂತೋಷದಿಂದ ಹೆದರಿಕೆಯೇ ಆಗುತ್ತಿತ್ತು.

ಮೊದಲ ಬಡಿತ ಅಕ್ಟೋಬರಿನಲ್ಲಿ ಕೇಳಿಸಿತು. ಪಾಠ ಮುಗಿಯಿತು. ಇಮ್ಕೆ ಬೆಂಚು ಬಡಿದಳು, ಕ್ನೀಪ್‌ಕಾಂಪ್ ಎಚ್ಚರವಾಗಿ ತಾವೂ ಬಡಿದರು. ಇಬ್ಬರೂ ನಿಲ್ಲಿಸಿದ ಮೇಲೆ, ಮೇಲಿನ ಕೊನೆಯ ಸಾಲಿನಿಂದ ಒಂದು ಬಡಿತ. ತಡೆದು ಇನ್ನೊಂದು. ಹೊರಗೆ ಮಧ್ಯಾಹ್ನದ ಬಿಳಿ ಮಂಜು, ಕಿಟಕಿಗಳಲ್ಲಿ ಬೇಕಾದಷ್ಟು ಬೆಳಕು. ಕೊನೆಯ ಸಾಲಿನಲ್ಲಿ ಬೆಂಚು ಬಿಟ್ಟರೆ ಏನೂ ಇರಲಿಲ್ಲ.

“ಫ್ರಾವ್ ಡಾಕ್ಟರ್, ನಿಮ್ಗೆ ಗಿರಾಕಿ ಹೆಚ್ತಿದಾರೆ” ಎಂದರು ಕ್ನೀಪ್‌ಕಾಂಪ್. “ಪಾಪ, ಅವರಿಗೂ ನನ್ನ ಹಾಗೇ ಈಗ ಎಚ್ಚರ ಆಗಿರ್ಬೇಕು.”

“ಮರ ಒಣಗ್ತಿದೆ ಹೆರ್ ಕ್ನೀಪ್‌ಕಾಂಪ್. ಹೀಟರ್ ಹಾಕಿದಾರಲ್ಲ.”

ಹಾಗೆಂದಳೇ ಹೊರತು ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಗಿತ್ತು. ಒಣಗುವ ಮರದ ಸದ್ದು ಬಡಗಿಯ ಮಗಳಿಗೆ ಗೊತ್ತು. ಇದು ಅದಲ್ಲ.

ವಾರವಾರವೂ ಅದು ಬಡಿಯಿತು, ಪಾಠ ಮುಗಿದ ಮೇಲೆಯೇ, ಮರ್ಯಾದಸ್ಥ ಕೇಳುಗನ ಹಾಗೆ. ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚೆ, ಹಬ್ಬದ ಮೊದಲ ಮೇಣದಬತ್ತಿ ಹಚ್ಚುವ ಹೊತ್ತಿಗೆ ಕ್ನೀಪ್‌ಕಾಂಪ್ ತಮ್ಮ ಮನೆಯ ಕುರ್ಚಿಯಲ್ಲಿ, ಪತ್ರಿಕೆ ಮಡಿಲಲ್ಲಿಟ್ಟುಕೊಂಡು, ಎಚ್ಚರವಾಗದ ನಿದ್ದೆ ಮಾಡಿದರು. ಮಣ್ಣು ಮಾಡಿದ ಮೇಲಿನ ಕಾಫಿಗೆ ಥೆಕ್ಲಾ ಹೋದಳು. ಎಲ್ಲರೂ ಸಕ್ಕರೆ ಪುಡಿಯ ಕೇಕ್ ತಿನ್ನುತ್ತಾ ಪುಣ್ಯದ ಸಾವು ಎಂದರು. ಅವಳು ತನ್ನ ತುಂಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಮರುವಾರ ಡೀನ್ ಓವರ್‌ಕಾಟ್ ಕರೆಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ.

“ಒಬ್ಬಳೇ ಹುಡುಗಿ ಉಳಿದ್ಲಂತೆ. ನೋಡಿ, ಫೆಬ್ರವರಿ ತನಕ ತಳ್ಳಿದ್ರೆ ಈ ಸೆಮೆಸ್ಟರ್ ಮುಗೀತು. ನಮ್ಮ ಕಚೇರಿಯ ಫ್ರಾವ್ ಸ್ಟ್ರೋಟ್‌ಮಾನ್ ಪ್ರತಿ ಶುಕ್ರವಾರ ಎಷ್ಟು ಜನ ಅಂತ ಕೇಳ್ತಾರೆ, ನೀವು ಇಬ್ರು ಅಂದ್ಬಿಡಿ. ಯಾರು ಬಂದು ತಲೆ ಎಣಿಸ್ತಾರೆ?”

“ಇಲ್ಲದೋರನ್ನ ಇದಾರೆ ಅನ್ಲಾ? ನಾನು?”

“ಅಯ್ಯೋ, ಇಷ್ಟಕ್ಕೆಲ್ಲ ತರ್ಕ ತರ್ಬೇಡಿ” ಎಂದು ಡೀನ್ ನಕ್ಕರು.

ಆ ಶುಕ್ರವಾರ ಹಾಲ್‌ನಲ್ಲಿ ಹೇಳುವವಳು ಒಬ್ಬಳು, ಕೇಳುವವಳು ಒಬ್ಬಳು. ಪಾಠ ಮುಗಿಯಿತು. ಇಮ್ಕೆ ಬಡಿದಳು. ಹಿಂದಿನಿಂದ ಬಡಿಯಿತು. ಕೊನೆಯ ಸಾಲಿನಿಂದಲ್ಲ; ಈಗ ಅದು ಸ್ವಲ್ಪ ಕೆಳಗೆ ಇಳಿದಿತ್ತು.

“ಫ್ರಾವ್ ಡಾಕ್ಟರ್, ಪಾಠ ನಿಲ್ಲಿಸ್ಬೇಕಾಗಿಲ್ಲ” ಎಂದಳು ಇಮ್ಕೆ. ಕಣ್ಣು ಹೊಳೆಯುತ್ತಿತ್ತು. “ಯಾರೂ ಇಲ್ಲ ಅನ್ನೋಣ. ಯಾರೂ ಇಲ್ದಿದ್ರೆ ಬಡಿತ ಕೇಳ್ಬಾರ್ದು. ಕೇಳ್ತು. ಅಂದ್ರೆ ಯಾರೂ ಇಲ್ಲ ಅನ್ನೋದು ಸುಳ್ಳು. ಹಾಗಾದ್ರೆ ಇದಾರೆ!”

“ಇಷ್ಟು ದಿನ ನಾನು ಪಾಠ ಮಾಡಿದ್ದು ಗೋಡೆಗಾ? ಇಲ್ಲ ಅನ್ನೋದು ಸುಳ್ಳಾದ ತಕ್ಷಣ ಇದೆ ಅನ್ನೋದು ನಿಜ ಆಗಲ್ಲ. ಇದಾರೆ ಅಂದ್ರೆ ಕೈ ಹಿಡಿದು ಕರ್ಕೊಂಡು ಬಾ. ಆಮೇಲೆ ಮಾತಾಡು.”

ಅದು ಗದರಿಕೆಯ ಮಾತು. ಬೇರೆ ವಿಷಯದ ವಿದ್ಯಾರ್ಥಿನಿಯಾಗಿದ್ದರೆ ನಕ್ಕು ಬಿಡುತ್ತಿದ್ದಳು. ಇಮ್ಕೆ ಈ ತರ್ಕವನ್ನು ಮನಸಾರೆ ನಂಬಿದ್ದಳು. ಇದೆ ಎನ್ನಬೇಕಾದರೆ ಹುಡುಕಿ ತೋರಿಸಬೇಕು. ಮುಂದಿನ ವಾರ ಅವಳು ಫ್ಲಾಸ್ಕ್ ಎತ್ತಿಕೊಂಡು ಹಿಂದಿನ ಸಾಲುಗಳಿಗೆ ಹೋಗಿ ಕೂತಳು.

ಅಲ್ಲಿಂದ ಥೆಕ್ಲಾಗೆ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಪಾಠ ಮುಗಿದಾಗ ಎರಡು ಬಡಿತಗಳು ಅಕ್ಕಪಕ್ಕದಿಂದ ಬಂದವು. ಬೆರಳೆರಡೂ ಒಂದೇ ಬೆಂಚಿನ ಮೇಲಿದ್ದ ಹಾಗೆ.

ಮೆಟ್ಟಿಲಿಳಿದು ಬಂದರೆ ಫ್ರಾವ್ ಸ್ಟ್ರೋಟ್‌ಮಾನ್ ಬಾಗಿಲಲ್ಲೇ ಕಾಯುತ್ತಿದ್ದರು. ದಪ್ಪ ಶರೀರದ, ಬಾಯಿ ಜೋರಿನ, ಒಳ್ಳೆಯ ಮನಸ್ಸಿನ ಹೆಂಗಸು. ಡೀನರ ಕಚೇರಿಯನ್ನು ನಿಜವಾಗಿ ನಡೆಸುತ್ತಿದ್ದವರು ಅವರೇ.

“ಫ್ರಾವ್ ಡಾಕ್ಟರ್, ಇವತ್ತು ಎಷ್ಟು ಜನ?”

“ಇಬ್ರು.”

“ಒಳ್ಳೇದಾಯ್ತು ಬಿಡಿ! ಇಮ್ಕೆ ಒಬ್ಳು. ಇನ್ನೊಬ್ರು ಯಾರು?”

“ಯಾರೋ” ಎಂದಳು ಥೆಕ್ಲಾ.

ಆ ಧ್ವನಿ ಅವಳದಾಗಿರಲಿಲ್ಲ. ಉಜ್ಜುಗೊರಡಿನ ಹಿಂದಿನಿಂದ, ಮುಖ ಎತ್ತದೆ ಮಾತಾಡುವ ಧ್ವನಿ ಅದು. ಒಂದು ಮಾತನ್ನು ಜೀವಮಾನವಿಡೀ ಬಾಗಿಲಾಚೆ ನಿಲ್ಲಿಸಿದ್ದವಳು, ಶುಕ್ರವಾರದ ಒಂದು ಗಂಟೆಯ ಆಸೆಗೆ ಚಿಲಕ ತೆಗೆದಿದ್ದಳು. ಮನೆಯವರೆಗೂ ಅವಳು ಗ್ಲೌಸು ಹಾಕಿಕೊಳ್ಳುವುದನ್ನೇ ಮರೆತು ನಡೆದಳು.

ಅಪ್ಪ ಹೇಳಿದ್ದು ಆಗ ನೆನಪಾಯಿತು. ಹೇಳದೆ ಸುಮ್ಮನಿದ್ದರೆ ಹತ್ತಿರ ಇರುವವರನ್ನು. ಕ್ನೀಪ್‌ಕಾಂಪ್ ಹತ್ತಿರ ಇದ್ದರು. ಅಕ್ಟೋಬರಿನಿಂದ ಅದು ಕೇಳುತ್ತಲೇ ಇತ್ತು, ತಾನು ಮಾತ್ರ ಅದನ್ನು ಮೆಚ್ಚುಗೆ ಎಂದುಕೊಂಡಿದ್ದಳು. ಬೆಂಚು ಬಡಿದರೆ ಮೆಚ್ಚುಗೆ ಎಂದುಕೊಳ್ಳದ ಪಾಠದವರು ಯಾರಿದ್ದಾರೆ?

ಹೊಸ ವರ್ಷದ ರಜೆ ಕಳೆದು ಇಮ್ಕೆ ಬಂದಳು. ಹುಡುಗಿಯ ಕೆನ್ನೆ ಬತ್ತಿತ್ತು. ಒಣಕೆಮ್ಮು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಊರಲ್ಲಿ ಡಾಕ್ಟ್ರಿಗೆ ತೋರಿಸ್ದೆ, ಏನೂ ಇಲ್ಲ ಅಂದ್ರು” ಎಂದಳು ಇಮ್ಕೆ, ಅದು ದೊಡ್ಡ ವಿಷಯವೇ ಅಲ್ಲ ಎಂಬಂತೆ. ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದಳು. “ಫ್ರಾವ್ ಡಾಕ್ಟರ್, ನನ್ನ ಪಕ್ಕದ ಜಾಗ ಬೆಚ್ಚಗಿರತ್ತೆ. ಕೈಯಿಟ್ಟು ನೋಡ್ದೆ. ಯಾರೋ ಈಗ ತಾನೇ ಎದ್ದು ಹೋದ ಹಾಗೆ. ಪಾಠ ಮುಗಿಯೋ ಹೊತ್ತಿಗೆ ನನ್ನ ಜಾಗ ತಣ್ಣಗಾಗಿರತ್ತೆ. ಇನ್ನೊಂದೆರಡು ವಾರ ಬಿಡಿ, ಕೈ ಹಿಡ್ಕೊಂಡು ಕರ್ಕೊಂಡ್ಬರ್ತೀನಿ.”

ಥೆಕ್ಲಾ ಹುಡುಗಿಯ ಬೆರಳು ಮುಟ್ಟಿ ನೋಡಿದಳು. ಬಾವಿಯಿಂದ ಎತ್ತಿದ ಕೊಡದಷ್ಟು ತಣ್ಣಗಿತ್ತು. ಒಂದೋ ಇಮ್ಕೆ, ಇಲ್ಲವೇ ತಾನು: ಹಾಲ್‌ನಲ್ಲಿ ಉಳಿದವರು ಇಬ್ಬರೇ. ಆದರೆ ಯಾವುದು ಎಂದು ತೋರಿಸಲಾಗದವಳಿಗೆ ಒಂದೋ-ಇಲ್ಲವೇ ಎನ್ನುವ ಹಕ್ಕಿಲ್ಲ. ಅಂಥ ಮಾತನ್ನು ಆಡಬೇಕಾದರೆ ಒಂದೇ ದಾರಿ. ಎರಡರಲ್ಲಿ ಒಂದನ್ನು ತಾನೇ ಅಳಿಸಿಹಾಕಬೇಕು.

ಇಮ್ಕೆ ಹೋದರೆ ಪಾಠ ಹೋಗುತ್ತದೆ, ಹಕ್ಕು ಹೋಗುತ್ತದೆ, ಶುಕ್ರವಾರ ಹೋಗುತ್ತದೆ. ಇಮ್ಕೆ ಉಳಿದರೆ ಇಮ್ಕೆ ಹೋಗುತ್ತಾಳೆ. ಇದನ್ನು ಯೋಚಿಸಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ ಎಂದು ಹೇಳಲು ನನಗಿಷ್ಟ. ಆದರೆ ಹಿಡಿಯಿತು. ಆ ದಿನದ ಪಾಠ ಅರ್ಧ ಮುಗಿಯುವವರೆಗೂ ಹಿಡಿಯಿತು. ಹಿಂದಿನ ಸಾಲಿನಿಂದ ಕೆಮ್ಮು ಕೇಳಿಸುತ್ತಿತ್ತು, ಅವಳು ಕರಿಹಲಗೆಯ ಕಡೆ ತಿರುಗಿ ಬರೆಯುತ್ತಲೇ ಇದ್ದಳು.

ಬರೆಯುವುದನ್ನು ನಿಲ್ಲಿಸಿದಳು. “ಇಮ್ಕೆ, ಕೆಳಗೆ ಬಾ.”

ಹುಡುಗಿ ಬಂದಳು.

“ನಿಂಗೆ ಇನ್ನು ಪಾಠ ಇಲ್ಲ. ಈ ವಿದ್ಯೆ ನಿನ್ನ ತಲೆಗೆ ಹತ್ತಲ್ಲ.”

“ಫ್ರಾವ್ ಡಾಕ್ಟರ್?”

“ಬಡಿತ ಕೇಳ್ತು, ಅದಕ್ಕೆ ಯಾರೋ ಇದಾರೆ ಅಂತೀಯಲ್ಲ. ಅಜ್ಜಿ ಕಥೆ ಹೇಳೋರ ಬುದ್ಧಿ ಅದು. ಕಡಲ ತೀರಕ್ಕೆ ಹೋಗಿ ಮೀನು ಒಣಗಿಸು, ಅದು ನಿನ್ನ ಕೈಲಾಗತ್ತೆ.”

ಇಮ್ಕೆಯ ಬಾಯಿ ತೆರೆದೇ ಉಳಿಯಿತು. “ನೀವೇ ತಾನೇ… ಕೈ ಹಿಡ್ಕೊಂಡು ಬಾ ಅಂದಿದ್ದು?”

“ನಾನು ಏನಂದ್ರೂ ಮಾಡ್ತೀಯಾ? ಹಾಗಾದ್ರೆ ಈಗ ಹೊರಗೆ ಹೋಗು ಅಂತೀನಿ. ಇನ್ಮೇಲೆ ಈ ಹಾಲ್‌ಗೆ ಕಾಲಿಟ್ರೆ ಕಾವಲುಗಾರನ್ನ ಕರೀತೀನಿ.”

ಫ್ಲಾಸ್ಕನ್ನು ಮೇಲೆಯೇ ಬಿಟ್ಟು ಇಮ್ಕೆ ಓಡಿದಳು. ಅವಳ ಅಳು ಕಾರಿಡಾರಿನಲ್ಲಿ ದೂರ ಹೋಗುವವರೆಗೂ ಥೆಕ್ಲಾ ಮೇಜು ಹಿಡಿದು ನಿಂತಿದ್ದಳು. ತನ್ನ ಮಗಳಂತಿದ್ದವಳಿಗೆ ಮಾತಿನಲ್ಲಿ ಹೀಗೆ ಹೊಡೆದೆನಲ್ಲ ಎಂದುಕೊಂಡಳು. ಹೋಗಿ ಬಾಗಿಲನ್ನು ಒಳಗಿನಿಂದ ಹಾಕಿದಳು.

ಆಮೇಲೆ ಪಾಠ ಮುಂದುವರಿಸಿದಳು. ಅರ್ಧಕ್ಕೆ ಬಿಡುವುದು ಅವಳ ಜಾಯಮಾನವಲ್ಲ. ಕಿಟಕಿಯಾಚೆ ಮಂಜು ಹಾಲಿನ ಹಾಗೆ ನಿಂತಿತ್ತು. ಖಾಲಿ ಬೆಂಚುಗಳಿಗೆ ಅವಳು ಗುಂಡಿ ಡಬ್ಬಿಯ ಮಾತನ್ನು ಹೇಳಿದಳು, ಪ್ರಮೇಯದ ಸಾಧನೆಯ ಕೊನೆಯ ಸಾಲನ್ನು ಬರೆದಳು, ಕೆಳಗೆ ಗೆರೆ ಎಳೆದಳು. “ಇವತ್ತಿಗೆ ಇಷ್ಟು” ಎಂದಳು.

ಬಡಿಯಿತು. ಮೊದಲ ಸಾಲಿನಲ್ಲಿ, ಕ್ನೀಪ್‌ಕಾಂಪ್ ಕೂರುತ್ತಿದ್ದ ಜಾಗದಲ್ಲಿ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಬೆಂಚಿನ ಮೇಲಿನ ಸೀಮೆಸುಣ್ಣದ ಪುಡಿ ಬಡಿತಕ್ಕೊಮ್ಮೆ ಎದ್ದು ಕೂರುತ್ತಿತ್ತು.

ಥೆಕ್ಲಾಗೆ ಭಯವಾಯಿತು. ಅಪ್ಪನಿಗೆ ಎಷ್ಟು ಆಗಿದ್ದಿರಬೇಕು ಎಂದು ಗೊತ್ತಾಗುವಷ್ಟು ಭಯವಾಯಿತು. ಇಷ್ಟು ವರ್ಷ ಹೊತ್ತುಕೊಂಡು ಬಂದಿದ್ದ ಕೋಪ ಆ ಕ್ಷಣ ಕೈಯಿಂದ ಜಾರಿತು. ಪಾಪ ಅಪ್ಪ, ಎಂದುಕೊಂಡಳು.

“ಯಾರು ಅಂತ ತಾನೇ ಕೇಳ್ತಿರೋದು?” ಎಂದಳು ಗಟ್ಟಿಯಾಗಿ. “ಕೇಳಬೇಕಾದ ಪ್ರಶ್ನೆನೇ. ಯಾರೋ ಅನ್ನಲ್ಲ ನಾನು. ಥೆಕ್ಲಾ ವೆಸ್ಸೆಲಿಂಗ್. ಬಡಗಿ ಲಾಂಬರ್ಟ್ ಮಗಳು.”

ಬಡಿತ ನಿಂತಿತು. ಸೀಮೆಸುಣ್ಣದ ಪುಡಿ ಬೆಂಚಿನ ಮೇಲೆ ಕೂತಿತು. ಹೀಟರ್ ಕೂಡ ಉಸಿರು ಹಿಡಿದಂತಿತ್ತು.

ಆಮೇಲೆ ಹಾಲ್‌ನ ಪ್ರತಿಯೊಂದು ಬೆಂಚೂ ಬಡಿಯಿತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದು ಜಾಗವೂ ಬಿಡದೆ, ಗೆಣ್ಣು ಗೆಣ್ಣಾಗಿ, ನೆಲ ಅದುರುವಂತೆ, ಕಿಟಕಿಯ ಗಾಜು ಕಂಪಿಸುವಂತೆ. ಅವಳು ಜೀವಮಾನದಲ್ಲಿ ಬೇಡಿಕೊಂಡಿದ್ದ ಸದ್ದು ಅದು. ಅವಳು ನೆಟ್ಟಗೆ ನಿಂತು ಪೂರ್ತಿ ಕೇಳಿಸಿಕೊಂಡಳು. ಕಣ್ಣಲ್ಲಿ ನೀರು ಬಂತು, ಒರೆಸಲಿಲ್ಲ. ಮುಗಿದ ಮೇಲೆ ತಲೆ ಬಾಗಿಸಿದಳು, ಪದ್ಧತಿಯಂತೆ. ಮುಂದಿನವರಿಗೆ ಬೇಕಾಗುತ್ತದೆಂದು ಕರಿಹಲಗೆ ಒರೆಸಿದಳು, ಕೋಟು ಹಾಕಿಕೊಂಡಳು.

ಕೆಳಗೆ ಫ್ರಾವ್ ಸ್ಟ್ರೋಟ್‌ಮಾನ್ ಮೇಜಿನಿಂದ ಅರ್ಧ ಎದ್ದಿದ್ದರು. ಮುಖ ಬಿಳಿಚಿಕೊಂಡಿತ್ತು, ಆದರೆ ಬಾಯಿ ನಗುತ್ತಿತ್ತು.

“ಏನ್ ಫ್ರಾವ್ ಡಾಕ್ಟರ್, ಹಾಲೇ ಕಿತ್ಕೊಂಡು ಬರೋ ಹಾಗೆ ಬಡಿದ್ರಲ್ಲ! ನನ್ನ ಕಾಫಿ ಕಪ್ ಕುಣಿದ್ಹೋಯ್ತು. ಎಷ್ಟು ಜನ ಬಂದಿದ್ರು?”

“ಯಾರೂ ಇರ್ಲಿಲ್ಲ. ನಾನೊಬ್ಳೇ ಇದ್ದೆ. ಹಾಗೇ ಡೀನ್‌ಗೆ ಹೇಳಿ.” ಥೆಕ್ಲಾ ಬೀಗದ ಕೈಯನ್ನೂ ಗುಂಡಿ ಡಬ್ಬಿಯನ್ನೂ ಮೇಜಿನ ಮೇಲಿಟ್ಟಳು. “ಈ ಡಬ್ಬಿ ಇಮ್ಕೆಗೆ ಕೊಡಿ. ಅವಳಿಗೆ ನಾನಂದಿದ್ದು ಸುಳ್ಳು, ಅವಳಷ್ಟು ಒಳ್ಳೇ ತಲೆ ನಾನು ನೋಡಿಲ್ಲ ಅಂತ ಹೇಳಿ. ಮರೀಬೇಡಿ.”

“ಅದನ್ನ ನೀವೇ ಹೇಳಿ, ಬರೋ ಶುಕ್ರ್ವಾರ.”

“ಬರೋ ಶುಕ್ರ್ವಾರ ನಾನಿರಲ್ಲ ಫ್ರಾವ್ ಸ್ಟ್ರೋಟ್‌ಮಾನ್.”

ಹಕ್ಕು ಬಿಟ್ಟುಕೊಡುವ ಮಾತೆಂದು ತಿಳಿದು ಫ್ರಾವ್ ಸ್ಟ್ರೋಟ್‌ಮಾನ್ ಲೊಚಗುಟ್ಟಿದರು. ಬಾಗಿಲಾಚೆಯ ಮಂಜಿನಲ್ಲಿ ಅವಳು ಹೋಗುವುದನ್ನು ಒಂದು ಗಳಿಗೆ ನೋಡಿ, ಮೇಜಿನ ಮೇಲೆ ಚೆಲ್ಲಿದ್ದ ಕಾಫಿಯನ್ನು ಒರೆಸತೊಡಗಿದರು.